ಆಟಿಕೆ ರೈಲು ಒಂದೇ ಜಾಗದಲ್ಲಿ ನಿಲ್ಲುತ್ತಿದೆಯೇ? ಹಳಿಗೆ ಉಪ್ಪು ಕಾಗದ ಹಚ್ಚುವ ಮೊದಲು ಇದನ್ನು ಓದಿ

ಮಗುವಿನ ಹುಟ್ಟುಹಬ್ಬಕ್ಕೆಂದು ಮನೆಗೆ ಬಂದ ಕರೆಂಟಿನ ರೈಲು ಮೊದಲ ವಾರ ಸೊಗಸಾಗಿ ಓಡುತ್ತದೆ. ಆಮೇಲೆ ತಕರಾರು ಶುರು. ಒಂದು ತಿರುವಿನಲ್ಲಿ ಎಂಜಿನ್ ಗಕ್ಕನೆ ನಿಲ್ಲುತ್ತದೆ, ಬೆರಳಿನಿಂದ ತಳ್ಳಿದರೆ ಮತ್ತೆ ಹೊರಡುತ್ತದೆ. ಕೊನೆಯ ಬೋಗಿ ಪ್ರತಿ ಸುತ್ತಿನಲ್ಲೂ ಹಳಿ ತಪ್ಪುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಸಲಹೆಗಳಿಗೇನೂ ಬರವಿಲ್ಲ. ಹಳಿಯನ್ನು ಉಪ್ಪು ಕಾಗದದಿಂದ ಉಜ್ಜಿ, ಎರಡು ಹನಿ ಎಣ್ಣೆ ಬಿಡಿ, ದೊಡ್ಡ ಚಾರ್ಜರ್ ಹಾಕಿ, ಮೋಟಾರ್ ಹೋಗಿರಬೇಕು, ಹೊಸ ಎಂಜಿನ್ ತನ್ನಿ.

ಈ ನಾಲ್ಕು ಸಲಹೆಗಳಲ್ಲಿ ಮೊದಲನೆಯದು ಹಳಿಯನ್ನು ಶಾಶ್ವತವಾಗಿ ಕೆಡಿಸುತ್ತದೆ, ಎರಡನೆಯದು ಚಕ್ರ ಜಾರುವಂತೆ ಮಾಡುತ್ತದೆ, ಮೂರನೆಯದು ಬೆಂಕಿಗೆ ಆಹ್ವಾನ, ನಾಲ್ಕನೆಯದು ಹೆಚ್ಚಿನ ಸಲ ದಂಡದ ಖರ್ಚು. ಹೊಸಬರ ಸೆಟ್‌ಗಳಲ್ಲಿ ತೊಂದರೆ ಇರುವುದು ಬಹುಪಾಲು ಹಳಿಯಲ್ಲಿ. ಹಳಿಯ ಯಾವ ಜಾಗದಲ್ಲಿ ಎಂದು ಪತ್ತೆ ಮಾಡದೆ ಕೈ ಹಾಕಿದರೆ ಸರಿ ಇದ್ದದ್ದೂ ಕೆಡುತ್ತದೆ. ಪತ್ತೆ ಮಾಡುವುದು ಹೇಗೆ ಎಂದು ಇಲ್ಲಿ ವಿವರಿಸುತ್ತೇವೆ. ನಾವು ಉದಾಹರಣೆಗೆ ತೆಗೆದುಕೊಂಡಿರುವುದು ಹೆಚ್ಚು ಮಾರಾಟವಾಗುವ ಎಚ್‌ಓ ಅಳತೆಯ, 12 ವೋಲ್ಟ್ ಡಿಸಿ ಕರೆಂಟಿನಲ್ಲಿ ಓಡುವ ಸಾಮಾನ್ಯ ಸೆಟ್. ಡಿಜಿಟಲ್ ಸೆಟ್‌ಗಳ ವೈರಿಂಗ್ ಬೇರೆ.

ಮೊದಲು ಪ್ಲಗ್ ನೋಡಿ

ಅಮೆರಿಕದಲ್ಲಿರುವ ಅಣ್ಣನೋ ಚಿಕ್ಕಪ್ಪನೋ ತಂದುಕೊಟ್ಟ ಸೆಟ್ ಆಗಿದ್ದರೆ ಹಳಿ ಜೋಡಿಸುವ ಮೊದಲೇ ಅದರ ಅಡಾಪ್ಟರ್ ಅಥವಾ ಕಂಟ್ರೋಲರ್ ತಿರುಗಿಸಿ, ಹಿಂದಿನ ಚೀಟಿ ಓದಿ. ಅಲ್ಲಿಯ ಮನೆಗಳಲ್ಲಿ ಬರುವುದು 120 ವೋಲ್ಟ್, ನಮ್ಮಲ್ಲಿ 230. ‘ಇನ್‌ಪುಟ್’ ಎಂಬಲ್ಲಿ 100ರಿಂದ 240 ವೋಲ್ಟ್ ಎಂದಿದ್ದರೆ ಧೈರ್ಯವಾಗಿ ಹಾಕಬಹುದು. ಬರೀ 120 ಎಂದಿದ್ದರೆ ನಮ್ಮ ಸಾಕೆಟ್‌ಗೆ ಹಾಕಲೇಬಾರದು. ಏರ್‌ಪೋರ್ಟ್‌ನಲ್ಲಿ ಸಿಗುವ ಚಿಕ್ಕ ಪ್ಲಗ್ ಕನ್ವರ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜ್ ಇಳಿಸುವುದಿಲ್ಲ. ಇದೊಂದು ತಪ್ಪಿಗೆ ಟ್ರಾನ್ಸ್‌ಫಾರ್ಮರ್ ಸುಟ್ಟು ಹೊಗೆ ಬರುತ್ತದೆ, ಬೆಂಕಿಯೂ ಹತ್ತಬಹುದು. ಸೆಟ್‌ಗೆ ಹೊಂದುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಇಲ್ಲವೇ ಇಲ್ಲಿಯ ಕಂಟ್ರೋಲರ್ ಕೊಳ್ಳಬೇಕು.

ಹಾಗೆಯೇ ರೈಲು ನಿಧಾನವಾಯಿತೆಂದು 19 ವೋಲ್ಟಿನ ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸುವುದು ಬೇಡ. 12 ವೋಲ್ಟಿನ ಮೋಟಾರ್ ಬಿಸಿಯಾಗಿ ಕೆಡುತ್ತದೆ. ಅದಕ್ಕಿಂತ ಅಪಾಯದ ಮಾತೆಂದರೆ, ಅಂಥ ಚಾರ್ಜರ್ ಬಹಳ ಹೆಚ್ಚು ಕರೆಂಟ್ ಕೊಡಬಲ್ಲದು. ಹಳಿಯ ಮೇಲೆ ಶಾರ್ಟ್ ಆದಾಗ ರೈಲಿನ ಕಂಟ್ರೋಲರ್ ಕರೆಂಟ್ ಕಡಿಯುವ ಹಾಗೆ ಅದು ಕಡಿಯುತ್ತದೆಂದು ನಂಬುವಂತಿಲ್ಲ, ಪ್ಲಾಸ್ಟಿಕ್ ಸ್ಲೀಪರ್ ಕರಗಬಹುದು.

ಹಳಿ ಮುಟ್ಟಿದರೆ ಶಾಕ್ ಹೊಡೆಯುತ್ತದೆಯೇ ಎಂದು ಕೇಳುವವರೂ ಇದ್ದಾರೆ. ಒಣ ಕೈಗೆ 12 ವೋಲ್ಟ್ ತಿಳಿಯುವುದೇ ಇಲ್ಲ. ಆದರೆ ಆ ಸುರಕ್ಷತೆ ಕಂಟ್ರೋಲರ್‌ನದು. ಅದನ್ನು ಬಿಚ್ಚಿ ಒಳಗೆ ಕೈಯಾಡಿಸಿದರೆ ಆ ಭರವಸೆ ಅಲ್ಲಿಗೇ ಮುಗಿಯಿತು.

ಎರಡು ಹಳಿ ಎಂದರೆ ಎರಡು ತಂತಿ

ನಮ್ಮ ಊರಿನ ನಿಜವಾದ ವಿದ್ಯುತ್ ರೈಲು ತಲೆಯ ಮೇಲಿನ 25,000 ವೋಲ್ಟಿನ ತಂತಿಯಿಂದ ಕರೆಂಟ್ ಪಡೆದು ಹಳಿಯ ಮೂಲಕ ಹಿಂದಿರುಗಿಸುತ್ತದೆ. ನಮ್ಮ ಮೆಟ್ರೋಗೆ ಪಕ್ಕದಲ್ಲಿ 750 ವೋಲ್ಟಿನ ಮೂರನೆಯ ಹಳಿ ಇದೆ. ಆಟಿಕೆ ರೈಲಿಗೆ ಇವೆರಡೂ ಇಲ್ಲ. ಅದರ ಒಂದು ಹಳಿಯೇ ಪ್ಲಸ್, ಇನ್ನೊಂದು ಮೈನಸ್. ಒಂದು ಬದಿಯ ಚಕ್ರದಿಂದ ಕರೆಂಟ್ ಹತ್ತಿ, ಮೋಟಾರ್ ತಿರುಗಿಸಿ, ಇನ್ನೊಂದು ಬದಿಯ ಚಕ್ರದಿಂದ ಇಳಿಯುತ್ತದೆ. ಪ್ಲಸ್ ಮೈನಸ್ ಅದಲು ಬದಲಾದರೆ ರೈಲು ಹಿಂದಕ್ಕೆ ಓಡುತ್ತದೆ.

ಅಂದ ಹಾಗೆ, ಎಚ್‌ಓ ಎಂದರೆ ನಿಜವಾದ ರೈಲಿನ 87ನೇ ಒಂದು ಭಾಗ. ಅದರ ಎರಡು ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಇದನ್ನು 87 ಪಟ್ಟು ಹಿಗ್ಗಿಸಿದರೆ ನಮ್ಮ ಮೆಟ್ರೋ ಓಡುವ 1,435 ಮಿಲಿಮೀಟರ್ ಹಳಿ ಸಿಗುತ್ತದೆ. ಮೈಸೂರು ರೈಲು ಓಡುವ 1,676 ಮಿಲಿಮೀಟರ್‌ನ ಬ್ರಾಡ್‌ಗೇಜ್ ಇದಕ್ಕಿಂತ ಅಗಲ.

ಇಷ್ಟು ಸಣ್ಣ ಲೆಕ್ಕಾಚಾರದಲ್ಲಿ ಚಕ್ರ ಮತ್ತು ಹಳಿ ಒಂದನ್ನೊಂದು ಮುಟ್ಟುವ ಜಾಗ ಸಾಸಿವೆ ಕಾಳಿಗಿಂತಲೂ ಚಿಕ್ಕದು. ಮೋಟಾರಿಗೆ ಹೋಗುವ ಕರೆಂಟೆಲ್ಲ ಆ ಚುಕ್ಕೆಯ ಮೂಲಕವೇ ಹೋಗಬೇಕು. ಅಲ್ಲಿ ಒಂದು ಧೂಳಿನ ಕಣ, ಒಂದು ಕೂದಲು ಅಡ್ಡ ಬಂದರೂ ಎಂಜಿನ್ ನಿಂತುಬಿಡುತ್ತದೆ.

ಮೊದಲು ಪತ್ತೆ, ಆಮೇಲೆ ರಿಪೇರಿ

ಉಪಕರಣ ಏನೂ ಬೇಡ, ಹರಿದ ಕಾಗದದ ಚೂರುಗಳು ಸಾಕು. ಎಂಜಿನ್ ಒಂದನ್ನೇ ನಿಧಾನ ವೇಗದಲ್ಲಿ ಹತ್ತು ಸುತ್ತು ಓಡಿಸಿ. ನಿಂತ ಜಾಗದಲ್ಲೆಲ್ಲ ಒಂದು ಚೂರು ಇಡಿ. ವೇಗವಾಗಿ ಓಡಿಸಿದರೆ ರೈಲು ತನ್ನ ಓಘದಲ್ಲೇ ಕೆಟ್ಟ ಜಾಗ ದಾಟಿಬಿಡುತ್ತದೆ, ತಪ್ಪು ಬಚ್ಚಿಟ್ಟುಕೊಳ್ಳುತ್ತದೆ.

ಚೂರುಗಳೆಲ್ಲ ಒಂದೇ ಕಡೆ ಗುಂಪಾದರೆ ತೊಂದರೆ ಹಳಿಯ ಆ ಜಾಗದಲ್ಲಿ. ಎಲ್ಲೆಂದರಲ್ಲಿ ಚೆದುರಿದರೆ ಇಡೀ ಹಳಿ ಕೊಳೆಯಾಗಿದೆ, ಇಲ್ಲವೇ ಎಂಜಿನ್ನಿನ ಚಕ್ರ ಕೊಳೆಯಾಗಿದೆ. ಬೋಗಿ ಹಳಿ ತಪ್ಪುವುದಕ್ಕೂ ಇದೇ ಪ್ರಶ್ನೆ. ಒಂದೇ ಜಾಗದಲ್ಲಿ ಎಲ್ಲ ಬೋಗಿಗಳೂ ತಪ್ಪಿದರೆ ಹಳಿ ದೋಷ. ಒಂದೇ ಬೋಗಿ ಬೇರೆ ಬೇರೆ ಜಾಗದಲ್ಲಿ ತಪ್ಪಿದರೆ ಬೋಗಿಯ ದೋಷ.

ಇನ್ನೂ ಅನುಮಾನವಿದ್ದರೆ ಎಂಜಿನ್ ಎತ್ತಿ ಮೂತಿ ಹಿಂದು ಮುಂದಾಗುವಂತೆ ಇಟ್ಟು ಓಡಿಸಿ. ಡಿಸಿ ಸೆಟ್‌ನಲ್ಲಿ ಹಾಗೆ ತಿರುಗಿಸಿಟ್ಟರೂ ಎಂಜಿನ್ ಮೊದಲು ಹೋಗುತ್ತಿದ್ದ ದಿಕ್ಕಿಗೇ ಹೋಗುತ್ತದೆ, ಈಗ ಹಿಮ್ಮುಖವಾಗಿ ಅಷ್ಟೆ. ಆಗಲೂ ಅದೇ ಜಾಗದಲ್ಲಿ ನಿಂತರೆ ಎಂಜಿನ್ ನಿರಪರಾಧಿ. ಕೊನೆಗೆ ಒಂದೇ ಒಂದು ನೇರ ಹಳಿಯ ತುಂಡನ್ನು ಕಂಟ್ರೋಲರ್‌ಗೆ ಜೋಡಿಸಿ ಅದರ ಮೇಲೆ ಎಂಜಿನ್ ಇಡಿ. ಅಲ್ಲಿ ಚೆನ್ನಾಗಿ ಅಲುಗಾಡಿದರೆ ಹೊಸ ಎಂಜಿನ್ ಕೊಳ್ಳುವ ದುಡ್ಡು ಉಳಿಯಿತು.

ಕಪ್ಪು ಮಸಿ ಮತ್ತು ಉಪ್ಪು ಕಾಗದ

ಹಳಿಯ ಮೇಲೆ ಬಿಳಿ ಬಟ್ಟೆ ಎಳೆದರೆ ಕಪ್ಪು ಗೆರೆ ಮೂಡುತ್ತದೆ. ಮನೆಯ ಧೂಳು, ಗೇರಿನಿಂದ ಇಳಿದ ಎಣ್ಣೆ, ಪ್ಲಾಸ್ಟಿಕ್ ಚಕ್ರದ ಸವಕಲು, ಚಕ್ರ ಮತ್ತು ಹಳಿಯ ನಡುವೆ ಹಾರುವ ಸಣ್ಣ ಕಿಡಿಗಳಿಂದಾದ ಲೋಹದ ಆಕ್ಸೈಡ್, ಇವೆಲ್ಲ ಸೇರಿದ ಮಸಿ ಅದು. ಕತ್ತಲಲ್ಲಿ ಓಡಿಸಿದರೆ ಆ ಕಿಡಿಗಳು ಕಣ್ಣಿಗೂ ಕಾಣುತ್ತವೆ. ಮಸಿ ಹೆಚ್ಚಾದಷ್ಟೂ ಕಿಡಿ ಹೆಚ್ಚು, ಕಿಡಿ ಹೆಚ್ಚಾದಷ್ಟೂ ಮಸಿ ಹೆಚ್ಚು.

ಉಪ್ಪು ಕಾಗದ ಹಚ್ಚಿದ ದಿನ ಹಳಿ ಫಳಫಳ ಹೊಳೆಯುತ್ತದೆ, ರೈಲೂ ಓಡುತ್ತದೆ. ಈ ಸಲಹೆ ಹರಡಲು ಕಾರಣವೇ ಅದು. ಆದರೆ ಕಾಗದದ ಹರಳುಗಳು ಹಳಿಯ ನುಣುಪು ಮೇಲ್ಮೈಯಲ್ಲಿ ಸಾವಿರಾರು ಗೀರು ಬಿಟ್ಟಿರುತ್ತವೆ. ಮುಂದಿನ ವಾರದ ಮಸಿ ಆ ಗೀರುಗಳೊಳಗೆ ಕೂರುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಬರುವುದಿಲ್ಲ. ಮತ್ತೆ ಉಜ್ಜಬೇಕು, ಮತ್ತೆ ಗೀರು. ಪಾತ್ರೆ ಉಜ್ಜುವ ಸ್ಟೀಲ್ ನಾರು ಇನ್ನೂ ಕೆಟ್ಟದ್ದು. ಎಂಜಿನ್ನಿನ ಮೋಟಾರಿನಲ್ಲಿ ಆಯಸ್ಕಾಂತ ಇದೆ, ಉದುರಿದ ಕಬ್ಬಿಣದ ಎಳೆಗಳನ್ನು ಅದು ಒಳಕ್ಕೆ ಸೆಳೆದುಕೊಂಡು ಶಾರ್ಟ್ ಮಾಡಿಕೊಳ್ಳುತ್ತದೆ.

ಸರಿಯಾದ ದಾರಿ ಸಪ್ಪೆ ಅನ್ನಿಸುವಷ್ಟು ಸರಳ. ಕರೆಂಟ್ ಆಫ್ ಮಾಡಿ. ನಾರು ಬಿಡದ ಹತ್ತಿ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ತಾಗಿಸಿ ಹಳಿಯ ತಲೆಯನ್ನು ಒರೆಸಿ. ಬಟ್ಟೆಯ ಜಾಗ ಬದಲಿಸುತ್ತ ಕಪ್ಪು ಬರುವುದು ನಿಲ್ಲುವವರೆಗೆ ಒರೆಸಬೇಕು. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಊದುಬತ್ತಿ ಇರಕೂಡದು. ಪೂರ್ತಿ ಆರಿದ ಮೇಲೆಯೇ ಸ್ವಿಚ್. ಕೋವಿಡ್ ಕಾಲದಿಂದ ಮನೆಯಲ್ಲಿ ಉಳಿದಿರುವ ಸ್ಯಾನಿಟೈಸರ್ ಆಗುತ್ತದೆಯೇ ಎಂದರೆ ಬೇಡ. ಅದರಲ್ಲಿ ಕೈ ಒಣಗದಿರಲೆಂದು ಗ್ಲಿಸರಿನ್, ಜೆಲ್ ಆಗಿದ್ದರೆ ಗಟ್ಟಿ ಮಾಡುವ ಅಂಟು ಇರುತ್ತದೆ. ಆಲ್ಕೋಹಾಲ್ ಆರಿದ ಮೇಲೆ ಅದೆಲ್ಲ ಹಳಿಯ ಮೇಲೆ ಪೊರೆಯಾಗಿ ಉಳಿಯುತ್ತದೆ.

ಹಳಿ ಮಾತ್ರ ಒರೆಸಿ ಚಕ್ರ ಬಿಟ್ಟರೆ ಮರುದಿನ ಮತ್ತೆ ಅದೇ ಕಥೆ. ಕಾಗದದ ಟಿಶ್ಯೂಗೆ ಒಂದು ಹನಿ ಆಲ್ಕೋಹಾಲ್ ಹಾಕಿ ಹಳಿಯ ಮೇಲೆ ಅಡ್ಡ ಹಾಸಿ. ಎಂಜಿನ್ನಿನ ಮುಂದಿನ ಚಕ್ರಗಳನ್ನು ಟಿಶ್ಯೂ ಮೇಲೆ, ಹಿಂದಿನವನ್ನು ಬರಿಯ ಹಳಿಯ ಮೇಲೆ ಇಟ್ಟು, ಎಂಜಿನ್ ಕೈಯಲ್ಲಿ ಹಿಡಿದುಕೊಂಡಿರಿ. ಕಿಡಿ ಹಾರಬಹುದಾದ್ದರಿಂದ ಟಿಶ್ಯೂ ಒದ್ದೆ ಅನ್ನಿಸದಷ್ಟು ಆರಲು ಬಿಟ್ಟು, ನಂತರ ಕರೆಂಟ್ ಕೊಡಿ. ಚಕ್ರ ಗಿರ್ರನೆ ತಿರುಗಿ ಮಸಿಯನ್ನು ಟಿಶ್ಯೂಗೆ ಬಿಡುತ್ತದೆ. ಆಮೇಲೆ ತಿರುಗಿಸಿ ಹಿಂದಿನ ಚಕ್ರಗಳಿಗೂ ಇದೇ ಉಪಚಾರ.

ಎಣ್ಣೆಯ ಮಾತು ಅರ್ಧ ಸತ್ಯ. ಕೆಲವು ಅನುಭವಿಗಳು ಆಯ್ದ ತೆಳು ಎಣ್ಣೆಯನ್ನು ಕಾಣದಷ್ಟು ಸವರುವುದುಂಟು. ಹೊಸಬರು ಬಿಡುವ ಎರಡು ಹನಿ ಕೊಬ್ಬರಿ ಎಣ್ಣೆ ಬೇರೆಯೇ ಕಥೆ. ಚಕ್ರ ಜಾರುತ್ತದೆ, ಏರಿನಲ್ಲಿ ರೈಲು ಹತ್ತುವುದಿಲ್ಲ, ಧೂಳು ಅಂಟಿ ಹಿಟ್ಟಿನಂತಾಗುತ್ತದೆ, ಹಿಡಿತಕ್ಕೆಂದು ಕೆಲವು ಚಕ್ರಗಳಿಗೆ ಹಾಕಿರುವ ರಬ್ಬರ್ ಉಂಗುರ ಉಬ್ಬಿ ಸಡಿಲವಾಗುತ್ತದೆ.

ಬೈಕಿನ ಬಲ್ಬ್ ಹೇಳುವ ಸತ್ಯ

ಹಳಿ ಶುದ್ಧವಾಗಿದೆ, ಆದರೂ ಕಂಟ್ರೋಲರ್‌ನಿಂದ ದೂರ ಹೋದಂತೆ ರೈಲು ಸೋಲುತ್ತದೆ ಎಂದರೆ ಅನುಮಾನ ಜೋಡಣೆಯ ಮೇಲೆ. ಒಂದು ತುಂಡಿನ ಹಳಿಯಿಂದ ಇನ್ನೊಂದಕ್ಕೆ ಕರೆಂಟ್ ದಾಟುವುದು ರೈಲ್ ಜಾಯ್ನರ್ ಎಂಬ ಪುಟ್ಟ ಮಡಿಸಿದ ತಗಡಿನ ಮೂಲಕ. ಹತ್ತಾರು ಸಲ ಜೋಡಿಸಿ ಬಿಚ್ಚಿದರೆ ಅದು ಅಗಲಗೊಂಡು ಹಿಡಿತ ಕಳೆದುಕೊಳ್ಳುತ್ತದೆ. ನೋಡಲು ಕೂಡಿದಂತೆಯೇ ಇರುತ್ತದೆ.

ಮಲ್ಟಿಮೀಟರ್ ಇರುವವರು ಅಳೆದು ನೋಡಿ, ಎಲ್ಲ ಕಡೆ 12 ವೋಲ್ಟ್ ಬರುತ್ತಿದೆಯಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ. ಮೀಟರ್ ಸುಳ್ಳು ಹೇಳುತ್ತಿಲ್ಲ. ಅದು ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಸಡಿಲ ಜಾಯ್ನರ್‌ನಲ್ಲಿ ವೋಲ್ಟೇಜ್ ಬೀಳುವುದಿಲ್ಲ. ಕಟ್ಟಿಕೊಂಡ ನಲ್ಲಿ ಮುಚ್ಚಿದ್ದಾಗ ಪೈಪಿನಲ್ಲಿ ಒತ್ತಡ ಪೂರ್ತಿ ಇರುತ್ತದೆ, ತಿರುಗಿಸಿದಾಗಲೇ ಬಣ್ಣ ಬಯಲು. ಹಳಿಗೂ ಹಾಗೆಯೇ ಹೊರೆ ಹಾಕಿ ನೋಡಬೇಕು.

ಮೆಕ್ಯಾನಿಕ್ ಅಂಗಡಿಯಲ್ಲಿ ಬೈಕಿನ 12 ವೋಲ್ಟ್, 5 ವ್ಯಾಟ್ ಬಲ್ಬ್ ಕೇಳಿ, ಎಲ್‌ಇಡಿ ಅಲ್ಲ, ಹಳೆಯ ಮಾದರಿಯದು. ಎರಡು ತಂತಿ ಕಟ್ಟಿ. ಎಂಜಿನ್ ಎತ್ತಿಟ್ಟು, ಕಂಟ್ರೋಲರ್ ಮುಕ್ಕಾಲು ತಿರುಗಿಸಿ, ತಂತಿಯ ತುದಿಗಳನ್ನು ಎರಡು ಹಳಿಗೆ ತಾಗಿಸುತ್ತ ಸುತ್ತು ಬನ್ನಿ. ಬೆಳಕು ಮಂಕಾಗುವುದು ಯಾವ ಜೋಡಣೆ ದಾಟಿದ ಮೇಲೋ ಅದೇ ಅಪರಾಧಿ. ಆ ಜೋಡಣೆಯನ್ನು ಬೆರಳಲ್ಲಿ ಒತ್ತಿದಾಗ ಬೆಳಕು ಏರಿದರೆ ಸಾಕ್ಷಿಯೂ ಸಿಕ್ಕಿತು. ಬಲ್ಬ್ ಬೇಗ ಕಾಯುತ್ತದೆ, ಪ್ಲಾಸ್ಟಿಕ್‌ಗೆ ತಾಗಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಇಲ್ಲೊಂದು ಗುಟ್ಟಿದೆ. ಹಳಿ ಪೂರ್ತಿ ಸುತ್ತಾಗಿದ್ದರೆ ಕರೆಂಟ್ ಎಡದಿಂದಲೂ ಬಲದಿಂದಲೂ ಬರುತ್ತದೆ. ಒಂದು ಜಾಯ್ನರ್ ಪೂರ್ತಿ ಕೆಟ್ಟರೂ ಇನ್ನೊಂದು ಕಡೆಯಿಂದ ಬರುವುದರಿಂದ ರೈಲು ಓಡುತ್ತಲೇ ಇರುತ್ತದೆ. ಅದೇ ಸಾಲಿನ ಎರಡನೆಯ ಜಾಯ್ನರ್ ಕೆಟ್ಟ ದಿನ ನಡುವಿನ ಭಾಗ ಇದ್ದಕ್ಕಿದ್ದಂತೆ ಸತ್ತುಹೋಗುತ್ತದೆ. ನಿನ್ನೆಯವರೆಗೆ ಚೆನ್ನಾಗಿತ್ತು, ಇವತ್ತು ಅರ್ಧ ಸುತ್ತು ಸತ್ತಿದೆ ಎನ್ನುವ ದೂರಿನ ಹಿಂದೆ ಇಂಥ ಎರಡು ಸಾವುಗಳಿರಬಹುದು. ಆದ್ದರಿಂದ ಪರೀಕ್ಷೆಗೆ ಮುಂಚೆ, ಕಂಟ್ರೋಲರ್ ತಂತಿ ಸೇರುವ ತುಂಡಿನ ಒಂದು ಪಕ್ಕದ ಜೋಡಣೆ ಬಿಚ್ಚಿ ಸುತ್ತನ್ನು ಕತ್ತರಿಸಿ. ಆಗ ಕರೆಂಟಿಗೆ ಒಂದೇ ದಾರಿ, ತಪ್ಪು ಅವಿತುಕೊಳ್ಳಲಾರದು.

ಸಡಿಲ ಜಾಯ್ನರನ್ನು ನೋಸ್ ಪ್ಲೇಯರ್‌ನಲ್ಲಿ ಮೆಲ್ಲಗೆ ಒತ್ತಿ ಬಿಗಿ ಮಾಡಬಹುದು, ಹೊಸದು ಹಾಕಿದರೆ ಇನ್ನೂ ಒಳ್ಳೆಯದು. ದೊಡ್ಡ ಸುತ್ತಾದರೆ ಎದುರು ತುದಿಗೂ ಕಂಟ್ರೋಲರ್‌ನಿಂದ ಇನ್ನೊಂದು ಜೊತೆ ತಾಮ್ರದ ತಂತಿ ಎಳೆಯಿರಿ. ಹೊರಗಿನ ಹಳಿಗೆ ಕೆಂಪು ಎಂದರೆ ಎಲ್ಲ ಕಡೆಯೂ ಹೊರಗಿನ ಹಳಿಗೇ ಕೆಂಪು, ಅದಲು ಬದಲಾದರೆ ಶಾರ್ಟ್. ಇದರ ಅಗತ್ಯವೇಕೆಂದರೆ, ಒಳ್ಳೆಯ ಹಳಿಗಳನ್ನು ಮಾಡುವುದು ನಿಕಲ್ ಸಿಲ್ವರ್‌ನಿಂದ. ಹೆಸರಿನಲ್ಲಿ ಸಿಲ್ವರ್ ಇದ್ದರೂ ಬೆಳ್ಳಿ ಒಂದು ಗುಂಜಿಯೂ ಇಲ್ಲ, ತಾಮ್ರ, ನಿಕಲ್, ಸತುವಿನ ಮಿಶ್ರಣ. ಜರ್ಮನ್ ಸಿಲ್ವರ್ ಎಂದು ಕೇಳಿದ್ದೀರಲ್ಲ, ಅದೇ ಇದು. ಬೇಗ ಕಂದುವುದಿಲ್ಲ, ಆದರೆ ಕರೆಂಟಿಗೆ ತಾಮ್ರಕ್ಕಿಂತ ಹದಿನೈದು ಪಟ್ಟಿಗೂ ಹೆಚ್ಚು ಅಡ್ಡಿ ಮಾಡುತ್ತದೆ.

ಹಳಿ ತಪ್ಪಿದರೆ ಮೊಬೈಲನ್ನು ಕೆಳಗಿಳಿಸಿ

ಮೇಲಿನಿಂದ ನೋಡಿದರೆ ಹಳಿ ಯಾವಾಗಲೂ ಸರಿಯಾಗಿಯೇ ಕಾಣುತ್ತದೆ. ಮೊಬೈಲನ್ನು ಹಳಿಯ ಮಟ್ಟಕ್ಕೆ ಇಳಿಸಿ, ಸ್ಲೋ ಮೋಷನ್‌ನಲ್ಲಿ ಆ ಜಾಗದ ವಿಡಿಯೊ ಮಾಡಿ. ಯಾವ ಚಕ್ರ ಮೊದಲು ಎದ್ದಿತು, ಎಲ್ಲಿ ಎದ್ದಿತು ಎಂಬುದು ಕಾಣುತ್ತದೆ. ಬಿದ್ದ ಜಾಗವಲ್ಲ, ಎದ್ದ ಜಾಗ ಮುಖ್ಯ. ಚಕ್ರ ಹಳಿ ಬಿಟ್ಟ ಮೇಲೂ ಸ್ಲೀಪರ್‌ಗಳ ಮೇಲೆ ಗೇಣುದ್ದ ಓಡಿ ಆಮೇಲೆ ಬೋಗಿ ಮಗುಚುವುದುಂಟು.

ಹೊಸಬರು ಹೆಚ್ಚು ಮಾಡುವ ತಪ್ಪು, ಹಳಿಯನ್ನು ಜಾಯ್ನರ್ ಒಳಗೆ ತೂರಿಸದೆ ಅದರ ಮೇಲೆ ಹತ್ತಿಸುವುದು. ಆಗ ಅಲ್ಲಿ ಕಣ್ಣಿಗೆ ಕಾಣದ ಮೆಟ್ಟಿಲು ಏಳುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಹಳಿಯ ಮೇಲೂ ಒಳಅಂಚಿನಲ್ಲೂ ಎಳೆಯಿರಿ, ಹತ್ತಿಯ ಎಳೆ ಸಿಕ್ಕಿಕೊಳ್ಳುವ ಜಾಗ ನೋಡಿ. ಒಂದು ದಿಕ್ಕಿನಲ್ಲಿ ಮಾತ್ರ ರೈಲು ಬೀಳುತ್ತಿದ್ದರೆ ಇಂಥ ಮೆಟ್ಟಿಲಿನ ಅನುಮಾನ ಗಟ್ಟಿ. ಏರುವಾಗ ಎಡವುವ ಚಕ್ರ ಇಳಿಯುವಾಗ ಎಡವುವುದಿಲ್ಲ.

ಹಲಗೆಗೆ ಹಳಿ ಹೊಡೆದವರು ಮೊಳೆಗಳನ್ನೂ ನೋಡಬೇಕು. ಗಟ್ಟಿಯಾಗಿರಲಿ ಎಂದು ಸ್ಲೀಪರ್‌ನ ನಡುವೆ ಮೊಳೆ ಆಳಕ್ಕೆ ಇಳಿಸಿದರೆ ಪ್ಲಾಸ್ಟಿಕ್ ಬಾಗಿ ಎರಡು ಹಳಿಗಳು ಒಂದರ ಕಡೆಗೊಂದು ವಾಲುತ್ತವೆ, 16.5 ಮಿಲಿಮೀಟರ್ ಕಿರಿದಾಗುತ್ತದೆ. ಬೋಗಿಯ ಒಂದು ಜೊತೆ ಚಕ್ರ ಕಳಚಿ ಕೈಯಲ್ಲಿ ಉರುಳಿಸುತ್ತ ಹೋಗಿ, ಬಿಗಿಯಾದ ಜಾಗ ಬೆರಳಿಗೇ ತಿಳಿಯುತ್ತದೆ. ಮೊಳೆಯ ತಲೆ ಸ್ಲೀಪರನ್ನು ಮುಟ್ಟಿಯೂ ಮುಟ್ಟದಂತಿರಬೇಕು.

ಮತ್ತೊಂದು, ತಿರುಚಿದ ಹಳಿ. ಮೂರು ಕಾಲಿನ ಸ್ಟೂಲ್ ಯಾವ ನೆಲದಲ್ಲೂ ಕೂರುತ್ತದೆ, ನಾಲ್ಕು ಕಾಲಿನ ಬೆಂಚು ಅಂಕುಡೊಂಕು ನೆಲದಲ್ಲಿ ಒಂದು ಕಾಲೆತ್ತುತ್ತದೆ. ನಾಲ್ಕು ಚಕ್ರದ ಬೋಗಿಯೂ ಹಾಗೆಯೇ. ಎತ್ತಿದ ಚಕ್ರ ತಿರುವಿನಲ್ಲಿ ಹಳಿ ದಾಟುತ್ತದೆ. ಕಾರ್ಪೆಟ್ ಮೇಲೆ ಹಳಿ ಹಾಸಬಾರದು ಎನ್ನುವುದಕ್ಕೆ ಇದು ಒಂದು ಕಾರಣ, ಅದರ ಎಳೆಗಳು ಅಚ್ಚಿಗೆ ಸುತ್ತಿಕೊಳ್ಳುವುದು ಇನ್ನೊಂದು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನಲ್ಲಿ, ಪ್ಲೈವುಡ್ ತೇವ ಕುಡಿದು ಬಾಗುತ್ತದೆ. ಬಿಸಿಲಿಗೆ ಹಳಿ ಹಿಗ್ಗಿತು ಎಂದು ಹಲವರು ದೂರುವುದುಂಟು, ಆದರೆ 20 ಡಿಗ್ರಿ ಕಾವು ಏರಿದರೂ 1 ಮೀಟರ್ ಹಳಿ ಹಿಗ್ಗುವುದು ಅರ್ಧ ಮಿಲಿಮೀಟರ್‌ಗಿಂತ ಕಡಿಮೆ. ಹಲಗೆಯನ್ನು ಎರಡೂ ಬದಿ ಪೇಂಟ್ ಮಾಡಿಸಿದರೆ ಅರ್ಧ ತಲೆನೋವು ತಪ್ಪುತ್ತದೆ.

ಎಡಕ್ಕೆ ತಿರುಗಿದ ಕೂಡಲೇ ಬಲಕ್ಕೆ ತಿರುಗುವ ಹಾವಿನಂಥ ತಿರುವೂ ಬೋಗಿ ಬೀಳಿಸುತ್ತದೆ. ನಡುವೆ ನಿಮ್ಮ ಅತಿ ಉದ್ದದ ಬೋಗಿಯಷ್ಟು ನೇರ ಹಳಿ ಹಾಕಿ.

ಪಾಯಿಂಟ್ ಮೇಲೆ ನಿಂತರೆ

ರೈಲು ಹಳಿ ಬದಲಿಸುವ ಪಾಯಿಂಟ್‌ನಲ್ಲಿ ಎರಡು ಹಳಿಗಳು ಕತ್ತರಿಯಂತೆ ಕೂಡುವ ಜಾಗ ಕೆಲವು ಸೆಟ್‌ಗಳಲ್ಲಿ ಪ್ಲಾಸ್ಟಿಕ್‌ನದು, ಅಲ್ಲಿ ಕರೆಂಟ್ ಇರುವುದಿಲ್ಲ. ನಾಲ್ಕೇ ಚಕ್ರದ ಪುಟ್ಟ ಎಂಜಿನ್ ನಿಧಾನಕ್ಕೆ ಬಂದರೆ ಅಲ್ಲೇ ನಿಲ್ಲುತ್ತದೆ. ಅದು ಕೆಟ್ಟದ್ದಲ್ಲ, ಅದರ ಸ್ವಭಾವ. ತುಸು ವೇಗದಲ್ಲಿ ದಾಟಿಸಿ, ಇಲ್ಲವೇ ಹೆಚ್ಚು ಚಕ್ರಗಳಿಂದ ಕರೆಂಟ್ ಪಡೆಯುವ ಎಂಜಿನ್ ಓಡಿಸಿ. ಅತ್ತಿತ್ತ ಸರಿಯುವ ಅಲಗು ಪೂರ್ತಿ ಅಂಟಿ ಕೂರದಿದ್ದರೆ ನಡುವೆ ಮರಳು ಕಣವೋ ನೂಲೋ ಸಿಕ್ಕಿರುತ್ತದೆ.

ರೈಲೇ ಇಲ್ಲ, ಆದರೂ ಶಾರ್ಟ್

ಕೊನೆಯದಾಗಿ, ಯಾವ ತುಂಡೂ ಕೆಟ್ಟಿರದೆ ಬರುವ ತೊಂದರೆ. ಲೇಔಟ್ ದೊಡ್ಡದು ಮಾಡುವ ಉತ್ಸಾಹದಲ್ಲಿ, ಸೈಟು ಹಂಚುವ ಲೇಔಟ್ ಅಲ್ಲ, ರೈಲಿನದು, ಒಂದು ಪಾಯಿಂಟ್ ಹಾಕಿ ಹಳಿಯನ್ನು ಸುತ್ತಿಸಿ ಅದೇ ಹಳಿಗೆ ತಂದು ಸೇರಿಸುತ್ತಾರೆ, ರೈಲು ತಿರುಗಿ ವಾಪಸ್ ಬರಲಿ ಎಂದು. ಕೊನೆಯ ತುಂಡು ಕೂಡಿಸಿದ ಕ್ಷಣ ಕಂಟ್ರೋಲರ್ ಕರೆಂಟ್ ಕಡಿಯುತ್ತದೆ. ಹೊಸ ಪಾಯಿಂಟ್ ಡಿಫೆಕ್ಟ್ ಎಂದು ಅಂಗಡಿಗೆ ಓಡುವ ಮೊದಲು ಕಾಗದದ ಮೇಲೆ ಎರಡು ಹಳಿಗಳನ್ನು ಕೆಂಪು, ನೀಲಿ ಪೆನ್ನಿನಲ್ಲಿ ಬರೆದು ನೋಡಿ. ಕುಣಿಕೆ ಸುತ್ತಿ ಬಂದಾಗ ಕೆಂಪು ಗೆರೆ ನೀಲಿಯನ್ನು ಸೇರುತ್ತದೆ, ಅಂದರೆ ಪ್ಲಸ್ ಹೋಗಿ ಮೈನಸ್‌ಗೆ ಮುಟ್ಟುತ್ತದೆ. ತ್ರಿಕೋನಾಕಾರದ ಜೋಡಣೆಯಲ್ಲೂ ಇದೇ ಆಗುತ್ತದೆ. ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಎಚ್‌ಓ ರೈಲುಗಳಿಗೆ ಈ ಕಾಟವಿಲ್ಲ. ಅಲ್ಲಿ ಎರಡೂ ಹಳಿಗಳು ಒಂದೇ ತಂತಿಯಂತೆ, ಇನ್ನೊಂದು ತಂತಿಯ ಕೆಲಸ ನಡುವಿನ ಚುಕ್ಕೆಗಳದು.

ನಿಮ್ಮದು ಎರಡು ಹಳಿಯ ಸೆಟ್ ಆದರೆ ಕುಣಿಕೆಯ ಎರಡೂ ತುದಿಗಳಲ್ಲಿ, ಎರಡೂ ಹಳಿಗಳಿಗೆ ಲೋಹದ ಜಾಯ್ನರ್ ಬದಲು ಪ್ಲಾಸ್ಟಿಕ್ ಜಾಯ್ನರ್ ಹಾಕಿ ಆ ಭಾಗಕ್ಕೆ ಬೇರೆ ಸ್ವಿಚ್ ಮೂಲಕ ಕರೆಂಟ್ ಕೊಡಬೇಕು. ವೈರಿಂಗ್ ಬಾರದವರಿಗೆ ನಮ್ಮ ಸಲಹೆ, ಸದ್ಯಕ್ಕೆ ಕುಣಿಕೆ ಬಿಟ್ಟು ಆ ತುಂಡುಗಳಲ್ಲಿ ಒಂದು ಸ್ಟೇಷನ್ ಸೈಡಿಂಗ್ ಮಾಡಿಕೊಳ್ಳಿ.